ಪಿನ್ನು ಮುಟ್ಟದ ವೈರು

ನಾನು ಕಂಪ್ಯೂಟರ್ ಡಬ್ಬದೊಳಗಿನ ಒಂದು ವೈರು. ಡಬ್ಬದ ಮುಂಭಾಗದಲ್ಲಿ ಹೆಡ್‌ಫೋನಿಗೊಂದು, ಮೈಕಿಗೊಂದು ತೂತು ಇರುತ್ತದಲ್ಲ, ನನ್ನ ತಲೆ ಅಲ್ಲಿದೆ. ಬಾಲದಲ್ಲಿ ಕಪ್ಪು ಪ್ಲಗ್ಗು. ಅದನ್ನು ಮದರ್‌ಬೋರ್ಡಿನ ಮೂಲೆಯ ಸಣ್ಣ ಪಿನ್ನುಗಳಿಗೆ ಚುಚ್ಚಿದರೆ ಮಾತು ಆಚೆ ದಾಟುತ್ತದೆ. ನಾನು ಹುಟ್ಟಿದ್ದು ಅಷ್ಟಕ್ಕೇ.

ಡಬ್ಬ ಜೋಡಿಸಿದವನು ಅವಸರದಲ್ಲಿದ್ದ. "ಮುಂದಿನ ತೂತು ಯಾರ್ ಬಳಸ್ತಾರೆ ಬಿಡು" ಎಂದು ನನ್ನನ್ನು ಸುತ್ತಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದ. ಕತ್ತಲಾಯಿತು. ಪಿನ್ನುಗಳು ಒಂದು ಗೇಣು ದೂರದಲ್ಲಿದ್ದವು.

ನಾನು ಹೋದದ್ದು ಚಿತ್ರದುರ್ಗದ ಪಾಲಾಕ್ಷಪ್ಪನವರ ಪ್ರಚಾರದ ಅಂಗಡಿಗೆ. ಆಟೋಗಳು ಊರೆಲ್ಲ ಕೂಗಿಕೊಂಡು ಹೋಗುವ ಜಾಹೀರಾತನ್ನು ಅವರು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡುತ್ತಿದ್ದರು. ಅವರ ಮೈಕು ಡಬ್ಬದ ಹಿಂದಿನ ತೂತಿಗೆ ಕಾಯಂ. ಇನ್ನೊಬ್ಬರು ಅದರ ಮುಂದೆ ಬಾಯಿ ತೆರೆದರೆ ಎಂಜಲು ಎನ್ನುತ್ತಿದ್ದರು. ಆಯುಧಪೂಜೆಗೆ ಡಬ್ಬಕ್ಕೆ ಬಳಿದ ಕುಂಕುಮ ಉದುರಿ ನನ್ನ ತೂತಿನೊಳಗೂ ಬೀಳುತ್ತಿತ್ತು. ನನ್ನನ್ನು ಮುಟ್ಟುತ್ತಿದ್ದದ್ದು ಅದೊಂದೇ.

ಅಲ್ಲಿ ಟೈಪು ಮಾಡುತ್ತಿದ್ದವಳು ಅನಸೂಯ. ಮೆತ್ತನೆಯ ಹುಡುಗಿ. ಆದರೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಜಾಹೀರಾತುಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

ಒಮ್ಮೆ ಪಾಲಾಕ್ಷಪ್ಪನವರ ಗಂಟಲು ಕೆಟ್ಟಿತು. ಹೊಸ ದನಿ ಬೇಕಾಯಿತು.

"ಅಣ್ಣಾ, ನಾನು ಓದ್ಲಾ?" ಎಂದಳು ಅನಸೂಯ.

"ನೀನಾ? ನಿನ್ ಮಾತು ನಿನಗೇ ಕೇಳ್ಸಲ್ಲ!" ಎಂದು ಅವರು ನಕ್ಕರು. "ಆಗ್ಲಿ, ಮುಂದಿನ ತೂತಿಗೆ ಬೇರೆ ಮೈಕು ಹಾಕ್ಕೊಂಡು ಹೇಳು. ಚೆನ್ನಾಗಿ ಬಂದ್ರೆ ಕೆಲಸ ನಿಂದೇ."

ಅವಳು ಬೆಂಕಿಕಡ್ಡಿಯಿಂದ ಕುಂಕುಮ ಕೆದಕಿ ತೆಗೆದು ಮೈಕು ಚುಚ್ಚಿದಳು. "ಬನ್ನಿ ಬನ್ನಿ, ಮದುವೆ ಸೀರೆಗಳ ಭಾರಿ ಮಾರಾಟ!" ಆ ದನಿ ನನ್ನೊಳಗೆ ಹರಿದು ಬಂತು. ದುಂಡಗೆ, ಬೆಚ್ಚಗೆ. ಬಾಲದ ತುದಿಗೆ ಬಂದು ನಿಂತಿತು. ಮುಂದೆ ಬರೀ ಗಾಳಿ. ಎಷ್ಟು ಚಡಪಡಿಸಿದರೂ ಪಟ್ಟಿ ಸಡಿಲಲಿಲ್ಲ.

ಪರದೆಯ ಮೇಲೆ ದನಿ ತೋರಿಸುವ ಗೆರೆ ಅಲುಗಲಿಲ್ಲ. ಅವಳು ಜೋರಾಗಿ ಹೇಳಿದಳು. ಕೊನೆಗೆ ಕೂಗಿದಳು.

"ಕಿವಿಗೆ ಕೇಳಿದ್ರೆ ಸಾಲ್ದಮ್ಮ. ಕೆಲವರ ದನಿ ಮೈಕಿಗೆ ಹತ್ತಲ್ಲ" ಎಂದರು ಪಾಲಾಕ್ಷಪ್ಪ. ಅವಳು ನಂಬಿದಳು. ಮರುವಾರ ಅವರ ನಾದಿನಿ ಬಂದು ಹಿಂದಿನ ಮೈಕಿನಲ್ಲೇ ಓದಿದಳು. ಮನೆಯವರದ್ದು ಎಂಜಲಲ್ಲವಂತೆ. ಅವಳು ಓದುವುದನ್ನೆಲ್ಲ ಅನಸೂಯ ಟೈಪು ಮಾಡಿಕೊಡುತ್ತಿದ್ದಳು. ಯಾರೂ ಇಲ್ಲದಾಗಲೂ ಈಗ ಅವಳ ದನಿ ಏಳುತ್ತಿರಲಿಲ್ಲ.

ವರ್ಷಗಳು ಕಳೆದ ಮೇಲೆ ಡಬ್ಬದಿಂದ ಹೊಗೆ ಬಂತು. ರಿಪೇರಿಯ ಇಮ್ತಿಯಾಜ್ ಮುಚ್ಚಳ ತೆಗೆದ.

"ಬೋರ್ಡ್ ಸುಟ್ಟೋಗಿದೆ ಅಣ್ಣಾ, ಗುಜರಿಗೆ ಹಾಕಿ. ಅರೆ, ನೋಡಿಲ್ಲಿ! ಮುಂದಿನ ಮೈಕಿನ ವೈರು ಚುಚ್ಚೇ ಇಲ್ಲ. ಅಲ್ಲಿ ಯಾರ್ ಕೂಗಿದ್ರೂ ಅಷ್ಟೇ."

ಅನಸೂಯ ಎದ್ದು ನಿಂತಳು. "ಹಂಗಾದ್ರೆ ನನ್ ದನಿ ಚೆನ್ನಾಗಿತ್ತಾ ಅಣ್ಣಾ?"

ಆ ದನಿಗೆ ಎದುರಿನ ಟೀ ಅಂಗಡಿಯವರೂ ತಿರುಗಿ ನೋಡಿದರು.

"ಆಗಿದ್ದಾಯ್ತು, ಈಗ ಅದ್ಯಾಕಮ್ಮ" ಎಂದು ಪಾಲಾಕ್ಷಪ್ಪ ಮುಖ ತಿರುಗಿಸಿದರು.

ನಾನೀಗ ಗುಜರಿಯ ಗೋಣಿಚೀಲದ ತಳದಲ್ಲಿದ್ದೇನೆ. ತಾಮ್ರಕ್ಕಾಗಿ ಒಂದು ದಿನ ಸುಡುತ್ತಾರಂತೆ. ಅನಸೂಯ ಎಲ್ಲಿದ್ದಾಳೋ ತಿಳಿಯದು. ಅವಳು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದದ್ದು ನನಗೆ ಮಾತ್ರ. ಚೆನ್ನಾಗಿತ್ತು ತಾಯಿ, ತುಂಬ ಚೆನ್ನಾಗಿತ್ತು. ಅದನ್ನು ನಿನಗೆ ಮುಟ್ಟಿಸುವ ದಾರಿಯೇ ನನಗಿರಲಿಲ್ಲ.