ನಲವತ್ತೊಂದು ಹಸಿರು ಚುಕ್ಕಿ

ಮೂರು ತಿಂಗಳಿಂದ ಆ ಹುಡುಗಿಗೆ ಸಂಬಳವಿರಲಿಲ್ಲ. ಅದರ ಬದಲು ಕೊರಳಿಗೆ ಒಂದು ಗುರುತಿನ ಚೀಟಿ ಇತ್ತು. ನಗರದ ವಸ್ತುಸಂಗ್ರಹಾಲಯ, ಸಾರ್ವಜನಿಕ ಕಾರ್ಯಕ್ರಮ ಮತ್ತು ಸಮುದಾಯ ಸಹಭಾಗಿತ್ವ ವಿಭಾಗ, ಇಂಟರ್ನ್. ಇಷ್ಟನ್ನೆಲ್ಲ ತುಂಬಿದ ಮೇಲೆ ಅವಳ ಹೆಸರಿಗೆ ಉಳಿದದ್ದು ಅಂಚಿನ ಒಂದಿಷ್ಟು ಜಾಗ.

ಬೆಳಿಗ್ಗೆ ಎಂಟಕ್ಕೆ ಬಂದು ಸಭಾಂಗಣದ ಕುರ್ಚಿಗಳನ್ನು ಜೋಡಿಸಬೇಕು. ಶಾಲೆಯ ಮಕ್ಕಳು ಬಂದರೆ ಸಾಲು ಮಾಡಿಸಬೇಕು. ಸಂಜೆ ಗೋಡೆಗೆ ಅಂಟಿಸಿದ ಕಾಗದಗಳನ್ನು ಕೀಳಬೇಕು. ಮಧ್ಯಾಹ್ನ ಕಚೇರಿಯವರು ಊಟಕ್ಕೆ ಕರೆದಾಗ ‘ಹಸಿವಿಲ್ಲ’ ಎಂದು ಹೇಳಿ, ಉಗ್ರಾಣದ ಹಿಂದಿನ ನಲ್ಲಿಯಲ್ಲಿ ಹೊಟ್ಟೆ ತುಂಬ ನೀರು ಕುಡಿಯಬೇಕು. ಈ ತಿಂಗಳು ಮುಗಿದರೆ ಪ್ರಮಾಣಪತ್ರ. ಪ್ರಮಾಣಪತ್ರವಿದ್ದರೆ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬಹುದು.

ಅವಳು ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದಳು. ವಸ್ತುಸಂಗ್ರಹಾಲಯದ ಹಿಂಗೋಡೆಗೆ ಅಂಟಿಕೊಂಡು ಬಟ್ಟೆ ಒಗೆಯುವವರ ಅಂಗಳವಿತ್ತು. ಒಂಬತ್ತು ತೊಟ್ಟಿ, ಇಪ್ಪತ್ತು ಕಲ್ಲು, ಸಾಲು ಸಾಲು ಹಗ್ಗ. ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವವಳು ಅವಳ ದೊಡ್ಡಮ್ಮ. ತಾಯಿ ಸತ್ತ ಮೇಲೆ ಸಾಕಿದವಳೂ ಅವಳೇ. ಅರ್ಜಿಯಲ್ಲಿ ಹುಡುಗಿ ಗೆಳತಿಯ ಮನೆಯ ವಿಳಾಸ ಬರೆದಿದ್ದಳು. ಹಾಗೆ ಬರೆ ಎಂದು ಹೇಳಿಕೊಟ್ಟವಳೂ ದೊಡ್ಡಮ್ಮನೇ.

ಹೋದ ತಿಂಗಳು ವಿಭಾಗದ ಮುಖ್ಯಸ್ಥೆ ಅವಳ ಕೈಗೆ ಒಂದು ದೊಡ್ಡ ನಕ್ಷೆಯನ್ನೂ ಹಸಿರು ಚುಕ್ಕಿಗಳ ಹಾಳೆಯನ್ನೂ ಕೊಟ್ಟಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. “ಹಿಂದಿನ ಅಂಗಳಕ್ಕೆ ಹೋಗು ಮರಿ. ನಿಮಗೆ ತುಂಬಾ ಇಷ್ಟವಾದ ಜಾಗ ಯಾವುದು ಅಂತ ಕೇಳು. ಅಲ್ಲಿ ಒಂದೊಂದು ಚುಕ್ಕಿ ಅಂಟಿಸೋಕೆ ಹೇಳು. ಅಷ್ಟೇ.”

ಕಚೇರಿಯ ಇಬ್ಬರು ಜವಾನರೊಂದಿಗೆ ಅವಳು ತನ್ನ ಮನೆಯಂಗಳಕ್ಕೇ ಅತಿಥಿಯಾಗಿ ಹೋದಳು. ದೊಡ್ಡಮ್ಮ ಕೈಯ ನೊರೆ ಒರೆಸಿಕೊಂಡು ಎದ್ದು ನಿಂತಳು.

“ಬನ್ನಿ ಮೇಡಂ. ನೆಲ ಜಾರತ್ತೆ, ನೋಡ್ಕೊಂಡು ಬನ್ನಿ.”

ಹಿಂದಿನ ಸಂಜೆಯಷ್ಟೇ ಈ ‘ಮೇಡಂ’ ಹುಡುಗಿಯ ಕಿವಿ ಹಿಂಡಿದ್ದವಳು ದೊಡ್ಡಮ್ಮ. ಅಂಗಳಕ್ಕೆ ಅಂಗಳವೇ ನಗುವನ್ನು ನುಂಗಿಕೊಂಡಿತು.

ಇಸ್ತ್ರಿಯವನು ಕತ್ತು ಚಾಚಿ ಕೇಳಿದ. “ಈ ನಕ್ಷೇಲಿ ನನ್ನ ಇಸ್ತ್ರಿ ಮೇಜು ಎಲ್ಲಿದೆ ಮೇಡಂ?”

“ಅದು ಚಿಕ್ಕದು. ಕಾಣಲ್ಲ.”

“ಸಾಲ ಕೊಟ್ಟವನ ಕಣ್ಣಿಗೆ ಮಾತ್ರ ಎಲ್ಲಿಟ್ರೂ ಕಾಣತ್ತೆ ನೋಡಿ.”

ಬಿಳಿ ಬಟ್ಟೆಗೆ ನೀಲಿ ಹಾಕುವ ಮುದುಕಿಯೊಬ್ಬಳಿದ್ದಳು. ಅವಳನ್ನು ನೀಲಿಯಜ್ಜಿ ಎಂದೇ ಕರೆಯುತ್ತಿದ್ದರು. ಅಜ್ಜಿ ಒಂದು ಚುಕ್ಕಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನೋಡಿದಳು.

“ಗುರುತು ಹಾಕೋದಾ? ಇದನ್ನ ನಮಗೆ ಹೇಳ್ಕೊಡೋಕೆ ಮೂರು ಜನ ಬಂದ್ರಾ?”

ಒಗೆಯುವವರ ಲೋಕದಲ್ಲಿ ಚುಕ್ಕಿಗೆ ಒಂದೇ ಅರ್ಥ. ಬಟ್ಟೆಯ ಮೂಲೆಯಲ್ಲಿ ಮಾಸದ ಮಸಿಯಿಂದ ಒಂದು ಚುಕ್ಕಿ, ಒಂದು ಗೀಟು. ಅದು ಇಂಥವರದು ಎಂಬುದಕ್ಕೆ ಅದೇ ಸಾಕ್ಷಿ. “ಗುರುತು ಬಿದ್ದ ಬಟ್ಟೆ ಕಳೆಯಲ್ಲ ಕಣೇ, ಯಾರದೋ ಅವರ ಮನೆಗೇ ಹೋಗಿ ಸೇರತ್ತೆ” ಎಂದು ಅಜ್ಜಿ ತೊಟ್ಟಿಯ ಚಿತ್ರದ ಮೇಲೆ ಚುಕ್ಕಿಯನ್ನು ಒತ್ತಿದಳು. ಗಟ್ಟಿಯಾಗಿ ಅಂಟಲೆಂದು ಅದನ್ನೇ ಮತ್ತೆ ಒತ್ತಿದಳು. ಉಳಿದವರೂ ಸಾಲಾಗಿ ಬಂದರು. ನಕ್ಷೆಯಲ್ಲಿದ್ದ ವಸ್ತುಸಂಗ್ರಹಾಲಯದ ಉದ್ಯಾನದ ಮೇಲೆ ಒಂದು ಚುಕ್ಕಿಯೂ ಬೀಳಲಿಲ್ಲ. ನಲವತ್ತೊಂದು ಜನರ ನಲವತ್ತೊಂದು ಚುಕ್ಕಿಗಳೂ ಒಂಬತ್ತು ತೊಟ್ಟಿಗಳ ಮೇಲೆಯೇ ಬಿದ್ದವು.

ಮೇಡಂ ನಕ್ಷೆ ನೋಡಿ ಹುಡುಗಿಯ ಬೆನ್ನು ತಟ್ಟಿದರು. ಅಂದು ಅವಳು ಹಸಿವನ್ನೇ ಮರೆತು ನಡೆದಳು.

ಸಾರ್ವಜನಿಕ ಸಭೆಗೆ ಒಂದು ದಿನವಿರುವಾಗ ಅದೇ ನಕ್ಷೆಯನ್ನು ಹಲಗೆಗೆ ಅಂಟಿಸಿ ಮೇಡಮ್ಮಿನ ಕೊಠಡಿಯಲ್ಲಿ ನಿಲ್ಲಿಸಿದ್ದರು. ಅದರ ಅಡಿಗೆ ಹೊಸದಾಗಿ ಒಂದು ಪಟ್ಟಿ ಬಂದಿತ್ತು. ಹುಡುಗಿ ಓದಿದಳು.

‘ಹಸಿರು: ಈ ಜಾಗವನ್ನು ತೆರವುಗೊಳಿಸಿ ವಸ್ತುಸಂಗ್ರಹಾಲಯದ ಹೊಸ ಕಟ್ಟಡ ಕಟ್ಟಲು ನಿವಾಸಿಗಳ ಸಮ್ಮತಿ. ನಿವಾಸಿಗಳಿಗೆ ವಿವರಿಸಿದವರು:’ ಮುಂದೆ ಅವಳ ಹೆಸರಿತ್ತು. ಈ ಸಲ ದೊಡ್ಡ ಅಕ್ಷರಗಳಲ್ಲಿತ್ತು.

ಅವಳು ಮೇಡಂ ಕಡೆ ತಿರುಗಿದಳು.

“ಮೇಡಂ, ನಾನು ಹೀಗೆ ಕೇಳಿರಲಿಲ್ಲ.”

“ಮತ್ತೆ ಹೇಗೆ ಕೇಳಿದ್ದೆ?”

“ಇಷ್ಟವಾದ ಜಾಗ ಯಾವುದು ಅಂತ. ನೀವೇ ಹೇಳಿದ್ರಿ.”

“ಇಷ್ಟವಾದ ಜಾಗ ಚೆನ್ನಾಗಾಗಲಿ ಅಂತ ತಾನೇ ಎಲ್ಲರೂ ಬಯಸೋದು? ಹೊಸ ಕಟ್ಟಡದಲ್ಲಿ ಅವರ ಒಗೆಯೋ ಕಲ್ಲನ್ನೇ ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಮೇಲಿಂದ ದೀಪ ಬೇರೆ. ಅವರಿಗೆ ಎಷ್ಟು ಗೌರವ ಯೋಚಿಸು.”

“ಕಲ್ಲು ಗಾಜಿನೊಳಗಿದ್ರೆ ಅವರು ಎಲ್ಲಿ ಒಗೀತಾರೆ ಮೇಡಂ?”

ಮೇಡಂ ನಕ್ಕರು. ಅವರು ಎಂದೂ ದನಿ ಏರಿಸಿದವರಲ್ಲ. ಲೋಟಕ್ಕೆ ನೀರು ಬಗ್ಗಿಸಿ ಅವಳತ್ತ ಸರಿಸಿದರು.

“ನಾಳೆ ಸಭೇಲಿ ವಸ್ತುಸಂಗ್ರಹಾಲಯದ ಸಮಿತಿಯ ಮುಂದೆ ಎದ್ದು ಒಂದೇ ಮಾತು ಹೇಳು. ‘ಚುಕ್ಕಿಯ ಅರ್ಥವನ್ನು ಎಲ್ಲರಿಗೂ ವಿವರಿಸಿದ್ದೇನೆ.’ ಅಷ್ಟೇ. ಪ್ರಮಾಣಪತ್ರಕ್ಕೆ ನಾಳೆಯೇ ಸಹಿ ಹಾಕ್ತೀನಿ. ಕುಡಿ, ನೀರು ಕುಡಿ. ಅಂದ ಹಾಗೆ, ಆಸ್ಪತ್ರೆಯ ದೊಡ್ಡ ಡಾಕ್ಟರು ನಮ್ಮ ಸಮಿತೀಲೇ ಇದ್ದಾರೆ. ನಿಮ್ಮ ದೊಡ್ಡಮ್ಮ ಒಗೆಯೋದು ಅವರ ಬಟ್ಟೇನೇ ಅಲ್ವಾ?”

ಅವಳು ಲೋಟವನ್ನು ತುಟಿಗೆ ಮುಟ್ಟಿಸದೆ ಮೇಜಿನ ಮೇಲಿಟ್ಟಳು. ಆ ಕಟ್ಟಡದೊಳಗೆ ಅವಳು ಒಮ್ಮೆಯೂ ದೊಡ್ಡಮ್ಮ ಎಂಬ ಪದವನ್ನು ಉಚ್ಚರಿಸಿರಲಿಲ್ಲ.

ಮನೆಗೆ ಹೋಗಲು ಒಣಹಾಕಿದ ಬಟ್ಟೆಗಳ ನಡುವೆ ನಡೆಯಬೇಕು. ಹುಟ್ಟಿದಂದಿನಿಂದ ನಡೆದ ದಾರಿ ಅದು. ಆ ಸಂಜೆ ಪ್ರತಿಯೊಂದು ಬಿಳಿ ಬಟ್ಟೆಯ ಹಿಂದೆಯೂ ಯಾರೋ ನಿಂತು ತನ್ನ ಹೆಜ್ಜೆ ಎಣಿಸುತ್ತಿರುವಂತೆ ಅವಳಿಗೆ ಅನ್ನಿಸಿತು. ಗಾಳಿಗೆ ಒಂದು ಒದ್ದೆ ಸೆರಗು ಕೆನ್ನೆಗೆ ಬಡಿದಾಗ ಕಿರುಚಿಯೇಬಿಟ್ಟಳು.

“ಏನೇ, ದೆವ್ವ ಕಂಡೋಳ ಹಾಗೆ?” ಇಸ್ತ್ರಿಯವನು ಕೆಂಡ ಕೆದಕುತ್ತ ಕೇಳಿದ. “ನಾಳೆ ಹಾಕ್ಕೊಳೋ ಬಟ್ಟೆ ಕೊಡು. ಇಸ್ತ್ರಿ ಹೊಡೆದು ಎಂಥಾ ಮಡಿಕೆ ಕೂರಿಸ್ತೀನಿ ಅಂದ್ರೆ, ಅದರ ಅಂಚಲ್ಲಿ ಸೊಪ್ಪು ಹೆಚ್ಚಬೋದು.”

“ನಾಳೆ ಏನು ಮಾವ?”

“ಏನು ಅಂದ್ರೆ? ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರಲ್ಲ, ಸಮುದಾಯದ ಸಭೆ, ಎಲ್ಲರಿಗೂ ಸ್ವಾಗತ ಅಂತ. ಮಾತಾಡೋರಲ್ಲಿ ನಿನ್ನ ಹೆಸರೂ ಇದೆ. ಅಂಗಳಕ್ಕೇ ರಜೆ. ನೀನು ಮೈಕು ಹಿಡಿಯೋದನ್ನ ನೋಡ್ಬೇಡ್ವಾ?”

ಒಳಗೆ ದೊಡ್ಡಮ್ಮ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ಬ್ಲೀಚಿಂಗ್ ಪುಡಿ ತಿಂದ ಬೆರಳುಗಳು. ಸಂದುಗಳಲ್ಲಿ ಚರ್ಮ ಸೀಳಿ ಕೆಂಪು ಕಾಣುತ್ತಿತ್ತು. ಹುಡುಗಿ ಬಾಗಿಲಲ್ಲೇ ಕುಳಿತಳು.

“ದೊಡ್ಡಮ್ಮ, ಆಸ್ಪತ್ರೆ ಕೆಲಸ ಹೋದ್ರೆ ಏನ್ ಮಾಡ್ತೀಯ?”

“ನಿನ್ನ ಬಾಯಿಗೆ ಬೇರೆ ಮಾತೇ ಬರಲ್ವಾ? ಹೋದ್ರೆ ಹೋಗಲಿ. ಇನ್ನೊಂದು ಕಡೆ ಕೊಳೆ ಇದ್ದೇ ಇರತ್ತೆ. ಲೋಕದಲ್ಲಿ ಕೊಳೆಗೆ ಬರ ಇದ್ಯಾ?”

“ತೊಟ್ಟಿ ಹೋದ್ರೆ?”

ದೊಡ್ಡಮ್ಮನ ಕೈ ನಿಂತಿತು. “ತೊಟ್ಟಿ ಎಲ್ಲಿಗೆ ಹೋಗತ್ತೆ? ಅದಕ್ಕೇನು ಕಾಲಿದ್ಯಾ?” ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು ತಾನಾಗಿಯೇ ಹೇಳಿದಳು. “ತೊಟ್ಟಿ ಇಲ್ದಿದ್ರೆ ನಾನ್ಯಾರು? ಕೈ ಹುಣ್ಣಾದ ಒಬ್ಬ ಮುದುಕಿ. ಯಾಕೆ ಹೀಗೆಲ್ಲ ಕೇಳ್ತೀಯ?”

ಹೇಳಬೇಕೆಂದು ಬಾಯಿ ತೆರೆದಳು. ‘ಸುಮ್ನೆ’ ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಸಭಾಂಗಣದ ಮುಂದಿನ ಸಾಲುಗಳಲ್ಲಿ ‘ಗಣ್ಯರಿಗೆ’ ಎಂದು ಬರೆದಿತ್ತು. ಅಂಗಳದವರು ಹಿಂದೆ ಗೋಡೆಗೆ ಒರಗಿ ನಿಂತರು. ಎಲ್ಲರೂ ಒಗೆದ ಬಟ್ಟೆ ತೊಟ್ಟಿದ್ದರು. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ದೊಡ್ಡ ಡಾಕ್ಟರು, ಅವರ ಹಿಂದೆ ಹಲಗೆಯ ಮೇಲೆ ನಕ್ಷೆ. ಆ ದೂರಕ್ಕೆ ಹಸಿರು ಕಾಣುತ್ತಿತ್ತು; ಅಡಿಯ ಬರಹ ಕಾಣುತ್ತಿರಲಿಲ್ಲ.

ಮೇಡಂ ಸಮುದಾಯದ ಪಾಲ್ಗೊಳ್ಳುವಿಕೆಯ ಬಗ್ಗೆ ಸುಂದರವಾಗಿ ಮಾತಾಡಿ, ಹುಡುಗಿಯನ್ನು ಕರೆದರು.

ಅವಳು ಎದ್ದಳು. ಮೈಕಿನಲ್ಲಿ ಅವಳ ಉಸಿರೇ ಮೊದಲು ಕೇಳಿಸಿತು.

“ಚುಕ್ಕಿಯ ಅರ್ಥವನ್ನು...”

ಮೇಡಂ ತಲೆಯಾಡಿಸಿದರು. ಡಾಕ್ಟರು ಗಡಿಯಾರ ನೋಡಿಕೊಂಡರು. ಹುಡುಗಿ ಹಿಂದಿನ ಗೋಡೆಯತ್ತ ನೋಡಿದಳು. ದೊಡ್ಡಮ್ಮನ ಕಣ್ಣು ಅವಳ ಕಣ್ಣನ್ನು ಸಂಧಿಸಿತು. ಕೂಡಲೇ ದೊಡ್ಡಮ್ಮ ಗುರುತಿಲ್ಲದವಳಂತೆ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡಳು. ಎಲ್ಲಿ ತನ್ನಿಂದ ಮಗುವಿಗೆ ಕುಂದು ಬಂದೀತೋ ಎಂಬ ಅಂಜಿಕೆ ಆ ಮುಖದಲ್ಲಿತ್ತು.

“ದೊಡ್ಡಮ್ಮ,” ಮೈಕಿನಲ್ಲೇ ಹುಡುಗಿ ಹೇಳಿದಳು, “ಮುಖ ಆ ಕಡೆ ತಿರುಗಿಸ್ಬೇಡ.”

ಗಣ್ಯರ ಸಾಲಿನ ತಲೆಗಳು ಹಿಂದಕ್ಕೆ ತಿರುಗಿದವು.

“ನಾನು ಯಾರಿಗೂ ಅರ್ಥ ಹೇಳಿಲ್ಲ. ಇಷ್ಟವಾದ ಜಾಗ ಯಾವುದು ಅಂತ ಮಾತ್ರ ಕೇಳ್ದೆ. ಆವತ್ತು ಈ ಬರಹ ಇರಲಿಲ್ಲ. ಈಗ ಹಸಿರು ಅಂದ್ರೆ ಒಪ್ಪಿಗೆ ಅಂತ ಬರೆದಿದ್ದಾರೆ. ತೊಟ್ಟಿ ಒಡೆಯೋಕೆ ನೀವೆಲ್ಲ ಒಪ್ಪಿಗೆ ಕೊಟ್ಟಿದ್ದೀರಂತೆ.”

“ಏನು ಒಡೆಯೋದು?” ಹಿಂದಿನಿಂದ ಯಾರೋ ಕೂಗಿದರು.

ಮೇಡಂ ಮೈಕನ್ನು ಮೆಲ್ಲನೆ ತೆಗೆದುಕೊಂಡರು. “ಕ್ಷಮಿಸಿ. ಇನ್ನೂ ಕಲಿಯುತ್ತಿರುವ ಹುಡುಗಿ. ಹೆದರಿದ್ದಾಳೆ.”

“ಹೌದು, ಹೆದರಿದ್ದೀನಿ,” ಎಂದಳು ಹುಡುಗಿ. ಈಗ ಮೈಕಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

ಅಂಗಳದವರು ಗಣ್ಯರ ಸಾಲು ದಾಟಿ ನಕ್ಷೆಯ ಹತ್ತಿರ ಬಂದರು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. “ಶಾಂತಿ, ಶಾಂತಿ. ಸಮ್ಮತಿ ಹಿಂಪಡೆಯಲು ನಿಯಮವಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಚುಕ್ಕಿ ಯಾವುದೆಂದು ತೋರಿಸಬೇಕು.”

“ಸ್ವಾಮಿ,” ನೀಲಿಯಜ್ಜಿ ಮುಂದೆ ಬಂದಳು, “ನೂರು ಬಿಳಿ ಬಟ್ಟೆ ಒಟ್ಟಿಗೆ ಹಾಕಿ, ಯಾವುದು ಯಾರದು ಅಂತ ಹೇಳ್ತೀನಿ. ಇವು ಎಲ್ಲಾ ಒಂದೇ ಥರ ಇವೆಯಲ್ಲ.”

“ಹಾಗಾದರೆ ನಿಮ್ಮದು ಯಾವುದೆಂದು ಹೇಳಲಾಗುವುದಿಲ್ಲ.”

“ಯಾಕಾಗಲ್ಲ? ಎಲ್ಲಾ ನಂದೇ.” ಅಜ್ಜಿ ಒಂದು ಚುಕ್ಕಿಗೆ ಉಗುರು ಹಾಕಿದಳು.

“ಅಜ್ಜಿ, ಅದು ನಂದು,” ಎಂದ ಇಸ್ತ್ರಿಯವನು.

“ನಿಂದೆಲ್ಲಿ, ನಂದು!”

“ಪಕ್ಕಕ್ಕೆ ಸರೀರಿ, ನಂದೂ ಅಲ್ಲೇ ಇದೆ!” ಎಂದಳು ಇನ್ನೊಬ್ಬಳು.

ಅಷ್ಟು ಕೈಗಳು ಒಟ್ಟಿಗೆ ಹಲಗೆಗೆ ಮುತ್ತಿದವು. ಅಂಟು ಗಟ್ಟಿಯಾಗಿತ್ತು. ಚುಕ್ಕಿಯೊಂದಿಗೆ ಕಾಗದವೂ ಸಿಪ್ಪೆಯಂತೆ ಎದ್ದು ಬಂತು. ಅವರು ಹಿಂದೆ ಸರಿದಾಗ ನಕ್ಷೆಯಲ್ಲಿ ಹಸಿರು ಇರಲಿಲ್ಲ, ತೊಟ್ಟಿಗಳೂ ಇರಲಿಲ್ಲ. ವಸ್ತುಸಂಗ್ರಹಾಲಯದ ಹಿಂದೆ ಅಂಗೈಯಗಲದ ಬಿಳಿ ಗಾಯವೊಂದಿತ್ತು.

“ನೋಡಿ,” ಮೇಡಂ ಅದೇ ಮೆಲುದನಿಯಲ್ಲಿ ಹೇಳಿದರು, “ನಿಮ್ಮ ತೊಟ್ಟಿಗಳನ್ನು ನೀವೇ ನಕ್ಷೆಯಿಂದ ಅಳಿಸಿದಿರಿ.”

ಅಧ್ಯಕ್ಷರು ಬಾಗಿಲಿನತ್ತ ಕೈ ಬೀಸಿದರು. ಕಾವಲುಗಾರರ ಬೂಟಿನ ಸದ್ದು ಮೆಟ್ಟಿಲೇರುತ್ತಿತ್ತು. ಭಯ ಆ ಗುಂಪಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುವುದನ್ನು ಹುಡುಗಿ ಕಣ್ಣಾರೆ ಕಂಡಳು.

ದೊಡ್ಡಮ್ಮ ಅವಳ ತೋಳು ಹಿಡಿದಳು. “ಪುಟ್ಟಿ, ಪೆನ್ನಿದ್ಯಾ?”

“ಇದೆ.”

“ಬರಿ ಅಲ್ಲಿ.”

“ಏನು ಬರೀಲಿ?”

“ಇರೋದನ್ನ ಬರಿ.”

ಬಿಳಿ ಜಾಗದ ಮೇಲೆ ಅವಳು ಬರೆಯತೊಡಗಿದಳು. ಕಿತ್ತ ಕಾಗದದ ಒರಟಿನಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ‘ಇಲ್ಲಿ ಒಂಬತ್ತು ತೊಟ್ಟಿಗಳಿವೆ.’

ಬೆನ್ನ ಹಿಂದೆ ದೊಡ್ಡ ಡಾಕ್ಟರು ಫೋನಿನಲ್ಲಿ ಹೇಳುತ್ತಿದ್ದರು. “ಹೌದು, ನಾಳೆಯಿಂದಲೇ. ಒಂದು ಟವೆಲ್ಲು ಕೂಡ ಆ ಅಂಗಳಕ್ಕೆ ಹೋಗಕೂಡದು.”

ಪೆನ್ನು ನಿಂತಿತು. ಹುಡುಗಿ ತಿರುಗಿ ದೊಡ್ಡಮ್ಮನ ಮುಖ ನೋಡಿದಳು.

“ಕೇಳಿಸ್ತು,” ಎಂದಳು ದೊಡ್ಡಮ್ಮ. “ನೀನು ಬರಿ.”

ಕಾವಲುಗಾರರು ಬಾಗಿಲು ದೂಡಿಕೊಂಡು ಬಂದರು. ಅಂಗಳದವರು ಅವಳ ಸುತ್ತ ಒತ್ತಾಗಿ ನಿಂತರು. ಅವರ ಬೆನ್ನುಗಳ ನಡುವೆ ಅವಳು ಎರಡನೆಯ ಸಾಲನ್ನು ಬರೆದಳು. ‘ನಾವು ಇಲ್ಲಿ ಬಟ್ಟೆ ಒಗೆಯುತ್ತಿದ್ದೇವೆ.’