ಡೆಸ್ಕ್‌ಟಾಪಿಗೆ ಹೊಲಿದ ಕೋಟು

ಊರಿಗೆಲ್ಲ ಅವರು ಎರಡಿಂಚು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ಬಟ್ಟೆ ಹೊಲಿಯುವ ಮೇಷ್ಟ್ರು. ಯಾರೇ ಬರಲಿ, ಏನೇ ಹೊಲಿಸಲಿ, ಹೊಲಿಗೆಯ ಒಳಗಡೆ ಎರಡಿಂಚು ಬಟ್ಟೆ ಮಡಿಸಿ ಬಿಡದೆ ಅವರ ಮೆಷಿನ್ನು ಓಡುತ್ತಿರಲಿಲ್ಲ. ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ, ಉದ್ದ ಆಗುತ್ತಾನೆ, ದಪ್ಪ ಆಗುತ್ತಾನೆ, ಆಗ ಹೊಲಿಗೆ ಬಿಚ್ಚಿ ಒಳಗಿನದನ್ನು ಹೊರಗೆ ಬಿಟ್ಟರಾಯಿತು ಎಂಬುದು ಅವರ ಸಿದ್ಧಾಂತ. ಎಂಬತ್ತು ದಾಟಿದ ಅಜ್ಜನೊಬ್ಬ, ನಾನಿನ್ನು ಎಲ್ಲಿ ಬೆಳೀತೀನಪ್ಪ ಎಂದು ಗೋಗರೆದರೂ ಕಿವಿ ಮೇಲೆ ಹಾಕಿಕೊಳ್ಳದೆ ಅವನ ಪ್ಯಾಂಟಿನ ತುದಿಯಲ್ಲೂ ಎರಡಿಂಚು ಮಡಿಸಿಟ್ಟ ಮಹಾನುಭಾವರು ಇವರು.

ಇಂಥವರ ಮನೆಯಲ್ಲಿ ಹುಟ್ಟಿದ ಒಬ್ಬಳೇ ಮಗಳ ಪಾಡು ಹೇಗಿರಬೇಕು ನೀವೇ ಲೆಕ್ಕ ಹಾಕಿ. ಗಿರಾಕಿಗಳಿಗಾದರೆ ಒಳಗೆ ಮಾತ್ರ ಎರಡಿಂಚು, ಮಗಳಿಗೆ ಒಳಗೆ ಎರಡು, ಹೊರಗೆ ಸಡಿಲ ಇನ್ನೆರಡು. ಶಾಲೆಗೆ ಹೋಗುವಾಗ ಅವಳ ತೋಳು ಮುಗಿದ ಮೇಲೂ ಅಂಗಿಯ ತೋಳು ಮುಗಿಯುತ್ತಿರಲಿಲ್ಲ. ಬೆಳೆಯೋ ಮಗು, ಬೆಳೆಯೋ ಮಗು ಎನ್ನುತ್ತ ಹದಿನೆಂಟು ವರ್ಷ ದಾಟಿಸಿದರು. ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತ, ಕಾಜ ಹೊಲಿಯುತ್ತ ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ ಒಂದು ದಿನವೂ ತುಟಿ ಎರಡು ಮಾಡಲಿಲ್ಲ. ಆಕೆಯ ಬಾಯಲ್ಲಿ ಯಾವಾಗಲೂ ದಾರದ ತುದಿ ಇರುತ್ತಿತ್ತು ಎನ್ನುವುದೂ ಒಂದು ಕಾರಣ.

ಹೀಗಿರುವಾಗ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕಟ್ಟಡಗಳ ನಕ್ಷೆ ಬರೆಯುವ ಓದು. ಕಾಲೇಜು ಇದ್ದದ್ದು ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿ. ಅಲ್ಲಿಂದ ಬಂದ ಕಾಗದದಲ್ಲಿ, ವಿದ್ಯಾರ್ಥಿಯ ಬಳಿ ಸ್ವಂತ ಕಂಪ್ಯೂಟರ್ ಇರಲೇಬೇಕು, ಲ್ಯಾಪ್‌ಟಾಪ್ ಆದರೂ ಆಗಬಹುದು, ಡೆಸ್ಕ್‌ಟಾಪ್ ಆದರೂ ಆಗಬಹುದು ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಹಾಸ್ಟೆಲಿನ ಕೋಣೆಗಳಲ್ಲಿ ಡೆಸ್ಕ್‌ಟಾಪ್ ಇಡಲು ಜಾಗವಿಲ್ಲ, ಹಾಸ್ಟೆಲ್ ಬೇಕಾದವರು ಶನಿವಾರದೊಳಗೆ ತಂದೆಯ ಸಹಿಯೊಂದಿಗೆ ಅರ್ಜಿ ಕಳಿಸಬೇಕು ಎಂದೂ ಇತ್ತು.

ಮೇಷ್ಟ್ರು ಆ ಸಣ್ಣ ಅಕ್ಷರವನ್ನು ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಓದಿದರು. ಲ್ಯಾಪ್‌ಟಾಪ್ ಎಂದರೆ ಹಾಸ್ಟೆಲ್, ಡೆಸ್ಕ್‌ಟಾಪ್ ಎಂದರೆ ಮನೆ. ಹಾಸ್ಟೆಲ್ ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವರಲ್ಲ ಅವರು. ಕಾಗದ ಮಡಿಸಿಟ್ಟು, ಯಾವುದನ್ನೇ ಆಗಲಿ ಅಳತೆ ತೆಗೆದುಕೊಳ್ಳದೆ ತರಬಾರದು ಎಂದರು. ಲ್ಯಾಪ್ ಎಂದರೆ ತೊಡೆ ಎಂದು ಯಾರನ್ನೋ ಕೇಳಿ ತಿಳಿದುಕೊಂಡರು. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಮೊಣಕಾಲು ಜೋಡಿಸಿಕೊಳ್ಳಲು ಹೇಳಿ, ಟೇಪು ಹಿಡಿದು ಅಡ್ಡಳತೆ ತೆಗೆದರು. ಅಳತೆ ಪುಸ್ತಕದಲ್ಲಿ ಅವಳ ಪುಟಕ್ಕೆ ಹೋಗಿ, ಭುಜ, ಎದೆ, ಸೊಂಟದ ಕೆಳಗೆ ಹೊಸದೊಂದು ಸಾಲು ಬರೆದರು: ಕಂಪ್ಯೂಟರ್ ಇಡುವ ಜಾಗ, ಹದಿನೈದೂವರೆ.

ಕಂಪ್ಯೂಟರ್ ಅಂಗಡಿಯವನು ಮೇಷ್ಟ್ರ ಹಳೆಯ ಗಿರಾಕಿ. ತನ್ನ ಮದುವೆಯ ಪ್ಯಾಂಟನ್ನು ಮೂರು ಸಲ ಬಿಚ್ಚಿಸಿ ಸಡಿಲ ಮಾಡಿಸಿಕೊಂಡು ಇಂದಿಗೂ ಹಾಕುತ್ತಿದ್ದವನು. ಹಾಗಾಗಿ ಅವನಿಗೆ ಮೇಷ್ಟ್ರೆಂದರೆ ಭಯಭಕ್ತಿ. ಹದಿನೈದೂವರೆ ಇಂಚು ತಾನೇ, ಇಗೋ ಸರಿಯಾಗಿ ಅದೇ ಅಳತೆಯದು ಇದೆ, ಒಂದು ಕೂದಲು ಹೆಚ್ಚೇ ಇರಬಹುದು ಎಂದು ಲ್ಯಾಪ್‌ಟಾಪೊಂದನ್ನು ತೆರೆದಿಟ್ಟ. ಮೇಷ್ಟ್ರು ಕೊರಳಿನಿಂದ ಟೇಪು ಎಳೆದು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹಿಡಿದರು. ಹದಿಮೂರೂವರೆ. ಟೇಪಿನಲ್ಲಿ ಸುಕ್ಕಿದೆಯೇನೋ ಎಂದು ಜಗ್ಗಿ ಮತ್ತೆ ಹಿಡಿದರು. ಹದಿಮೂರೂವರೆಯೇ.

ಎರಡಿಂಚು ಕಡಿಮೆ. ಲೋಕದಲ್ಲಿ ಯಾರ ಬಳಿ ಬೇಕಾದರೂ ಹೋಗಿ ಎರಡಿಂಚು ಕದಿಯಿರಿ, ಇವರ ಬಳಿ ಕದಿಯಬಹುದೇ? ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ, ಪರದೆಗಳನ್ನು ಮೂಲೆಯಿಂದ ಮೂಲೆಗೆ ಅಳೆಯುವುದು ರೂಢಿ, ತಾನು ಮಾಡಿದ್ದಲ್ಲ, ಇಡೀ ಜಗತ್ತಿನಲ್ಲೇ ಹಾಗೆ ಎಂದು ವಿವರಿಸಿದ. ಮೇಷ್ಟ್ರ ಮುಖ ಕೆಂಪಾಯಿತು. ಬಟ್ಟೆಯನ್ನು ಓರೆಯಾಗಿ ಹಿಡಿದರೆ ಜಗ್ಗುತ್ತದೆ, ಓರೆ ಹಿಡಿದು ಅಳೆಯುವವನು ಒಂದೋ ಕಲಿಯುವವನಾಗಿರಬೇಕು, ಇಲ್ಲವೇ ಕಳ್ಳನಾಗಿರಬೇಕು. ಹಾಗೆಂದು ಅವರು ಅರ್ಧ ಗಂಟೆ ಹೇಳಿದರು. ಟೀವಿ ಕೊಳ್ಳಲು ಬಂದಿದ್ದ ಗಂಡಹೆಂಡಿರು ಇದನ್ನು ಕೇಳಿ, ತಮ್ಮ ಮನೆಯ ಗೋಡೆ ಓರೆಯಾಗಿಲ್ಲವಲ್ಲ ಎಂದು ಯೋಚನೆಗೆ ಬಿದ್ದು ಬರಿಗೈಯಲ್ಲಿ ಹೊರಟುಹೋದರು.

ಕೊನೆಗೆ ಮೇಷ್ಟ್ರು ತಮ್ಮ ದೊಡ್ಡ ಪ್ರಶ್ನೆ ಕೇಳಿದರು. ಒಳಗೆ ಎಷ್ಟು ಬಿಟ್ಟಿದ್ದಾರೆ?

ಅಂಗಡಿಯವನಿಗೆ ಅರ್ಥವಾಯಿತು. ಪಾಪ, ಅವನ ಸೊಂಟಕ್ಕೇ ಅರ್ಥವಾಗಿದ್ದ ವಿಷಯ ಅದು. ಲ್ಯಾಪ್‌ಟಾಪನ್ನು ಬೋರಲು ಹಾಕಿ ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ, ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಅವನು ಡೆಸ್ಕ್‌ಟಾಪಿನ ಪೆಟ್ಟಿಗೆಯ ಪಕ್ಕದ ತಗಡು ಸರಿಸಿದ. ಒಳಗೆ ಅರ್ಧಕ್ಕರ್ಧ ಖಾಲಿ. ಮುಂದೆ ಬೇಕಾದಾಗ ಬೇಕಾದ್ದು ಸೇರಿಸಿಕೊಳ್ಳಬಹುದು ಎಂದು ಅಂಗಡಿಯವನು ಹೇಳುತ್ತಿದ್ದರೆ ಮೇಷ್ಟ್ರು ಒಳಗೆ ಕೈ ಹಾಕಿ, ಆ ಖಾಲಿಯನ್ನು ಸವರಿ ನೋಡಿದರು. ಯಾವನೋ ಬದುಕು ಬಲ್ಲವನು ಹೊಲಿದಿದ್ದಾನೆ ಎಂದರು. ಡೆಸ್ಕ್‌ಟಾಪೇ ಸೈ ಎಂದು ತೀರ್ಮಾನವಾಯಿತು. ಮನೆಗೆ ಬರುವಾಗ ಅವರಿಗೆ ಎಷ್ಟು ಹಗುರ ಎನಿಸಿತೆಂದರೆ ದಾರಿಯಲ್ಲಿ ಕಂಡಕಂಡವರನ್ನೆಲ್ಲ ಮಾತಾಡಿಸಿದರು.

ಮಗಳು ಅಳಲಿಲ್ಲ, ರೇಗಲಿಲ್ಲ. ಕಾಲೇಜಿಗೆ ಫೋನ್ ಮಾಡಿ, ಡೆಸ್ಕ್‌ಟಾಪ್ ಮನೆಯಲ್ಲೇ ಇಟ್ಟುಕೊಂಡರೆ ನಡೆಯುತ್ತದೆಯೇ ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸಿದಳು. ಆ ಕಡೆಯ ಗುಮಾಸ್ತ, ಬುಧವಾರ ಬುಧವಾರ ನಕ್ಷೆಯ ತರಗತಿ, ಆವತ್ತು ಅವರವರ ಕಂಪ್ಯೂಟರನ್ನು ಅವರವರೇ ತರಬೇಕು, ಹೇಗೆ ತರುತ್ತೀರಿ ಅನ್ನುವುದು ನಿಮ್ಮ ತಲೆನೋವು ಎಂದ. ಮಗಳು ಫೋನ್ ಇಟ್ಟು ಅಪ್ಪನ ಮುಖ ನೋಡಿದಳು. ಈಗಲಾದರೂ ಪಟ್ಟು ಸಡಿಲವಾದೀತು ಎಂಬ ಆಸೆ ಪಾಪದವಳಿಗೆ.

"ಅಷ್ಟೇ ತಾನೇ," ಎಂದರು ಮೇಷ್ಟ್ರು. "ಕೋಟು ಹೊಲಿದುಕೊಡ್ತೀನಿ."

ಮರುದಿನವೇ ಶುರು. ದಪ್ಪ ಕ್ಯಾನ್ವಾಸಿನ ಥಾನು ಬಂತು. ಬೆನ್ನಿಗೆ ಪೆಟ್ಟಿಗೆ ಕೂರುವ ದೊಡ್ಡ ಜೇಬು, ಹೊಟ್ಟೆಯ ಮೇಲೆ ಪರದೆ ನಿಲ್ಲುವ ಇನ್ನೊಂದು, ಎಡಪಕ್ಕೆಯಲ್ಲಿ ಕೀಬೋರ್ಡಿಗೆ ಉದ್ದನೆಯ ಜೇಬು, ಬಲಗಡೆ ಮೌಸಿಗೆ ಮುಚ್ಚಳವಿರುವ ಪುಟ್ಟ ಜೇಬು, ವೈರುಗಳು ನುಸುಳಿಹೋಗಲು ಹೆಂಡತಿ ಹೊಲಿದ ಹನ್ನೊಂದು ಕಾಜ. ಬಂದ ಗಿರಾಕಿಗಳ ಬಟ್ಟೆಯೆಲ್ಲ ಮೂಲೆ ಸೇರಿತು. ಟ್ರಯಲ್ ನೋಡದೆ ತಾವು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದು ಮೇಷ್ಟ್ರು ಹೇಳಿಕಳಿಸಿದ್ದರಿಂದ ಅಂಗಡಿಯವನು ಅಂಗಡಿಯಲ್ಲಿ ತೋರಿಕೆಗಿಟ್ಟಿದ್ದ ಡೆಸ್ಕ್‌ಟಾಪನ್ನೇ ಎತ್ತಿಕೊಂಡು ಬಂದು ಒಪ್ಪಿಸಿ ಹೋದ.

ಶುಕ್ರವಾರ ಬೆಳಗ್ಗೆ ಟ್ರಯಲ್. ಮಗಳನ್ನು ನಿಲುಗನ್ನಡಿಯ ಮುಂದೆ ನಿಲ್ಲಿಸಿ, ಗಂಡಹೆಂಡಿರು ಇಬ್ಬರೂ ಸೇರಿ ಕೋಟು ತೊಡಿಸಿ, ಒಂದೊಂದೇ ಸಾಮಾನು ಇಳಿಸಿದರು. ಎಲ್ಲ ಮುಗಿದಾಗ ಕನ್ನಡಿಯಲ್ಲಿ ಕಂಡದ್ದು ಒಂದು ತಲೆ, ಎರಡು ಚಪ್ಪಲಿ, ನಡುವೆ ಕಂಪ್ಯೂಟರ್. ಮೇಷ್ಟ್ರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುತ್ತ ಬಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೈ ಎತ್ತು ಎಂದರು, ಎತ್ತಿದಳು. ನಡಿ ಎಂದರು, ನಾಲ್ಕು ಹೆಜ್ಜೆ ನಡೆದಳು. ಪ್ಯಾಂಟು ಒಯ್ಯಲು ಬಂದಿದ್ದ ಒಬ್ಬ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿ, ಬಹಳ ಗಂಭೀರವಾಗಿ, ತಮ್ಮ ಮನೆಯ ಫ್ರಿಜ್ಜಿಗೂ ಇಂಥದೊಂದು ಹೊಲಿದುಕೊಡಲು ಆಗುತ್ತದೆಯೇ ಎಂದು ಕೇಳಿದ. ಬಾಡಿಗೆ ಮನೆ, ವರ್ಷಕ್ಕೊಮ್ಮೆ ಬದಲಾಯಿಸಬೇಕಂತೆ. ಆಮೇಲೆ ಬನ್ನಿ, ಅಳತೆ ತನ್ನಿ ಎಂದು ಮೇಷ್ಟ್ರು ಸೂಜಿಗಳ ಸಂದಿಯಿಂದಲೇ ಹೇಳಿ ಕಳಿಸಿದರು.

ಬಸ್ಸಿನಲ್ಲಿ ಕೂತ ಹಾಗೆ ಕೂತುಕೋ ಎಂದರು. ಮಗಳು ಸ್ಟೂಲಿನ ಮೇಲೆ ಕೂತಳು. ಕೂತವಳು ಏಳಲು ಆಗಲಿಲ್ಲ. ಹೆಗಲಿನ ಪಟ್ಟಿ ಬಿಗಿದು ಕುತ್ತಿಗೆಗೆ ಬಂದಿತ್ತು. ಪಟ್ಟಿ ಅಗಲ ಮಾಡಬೇಕು, ಆದರೆ ಕ್ಯಾನ್ವಾಸ್ ಮುಗಿದುಹೋಗಿತ್ತು. ಏನಾದರೂ ಬಟ್ಟೆ ಕೊಡೇ ಎಂದು ಮೇಷ್ಟ್ರು ಹೆಂಡತಿಗೆ ಕೈ ಚಾಚಿದರು.

ಆಕೆ ಒಳಗೆ ಹೋಗಿ ಮಗಳ ಹಳೆಯ ಬಟ್ಟೆಯ ಟ್ರಂಕನ್ನೇ ಎಳೆದು ತಂದು ಗಂಡನ ಮುಂದಿಟ್ಟರು. ಒಳಗೆ ಬಿಟ್ಟದ್ದು ಬೇಕಾದಷ್ಟಿದೆ, ಬಿಚ್ಚಿಕೊಳ್ಳಿ ಎಂದರು. ಮೇಷ್ಟ್ರು ಬ್ಲೇಡು ತೆಗೆದುಕೊಂಡು ಮೊದಲು ಕೈಗೆ ಸಿಕ್ಕ ನೀಲಿ ಅಂಗಿಯ ಹೊಲಿಗೆ ಬಿಚ್ಚಿದರು. ಅಂಗಿ ಒಗೆದು ಒಗೆದು ಬೂದಿಯ ಬಣ್ಣಕ್ಕೆ ತಿರುಗಿತ್ತು, ಒಳಗಿನ ಎರಡಿಂಚು ಮಾತ್ರ ಅಂಗಡಿಯಿಂದ ತಂದ ದಿನದ ನೀಲಿಯಲ್ಲೇ ಇತ್ತು. ಇನ್ನೊಂದು ಬಿಚ್ಚಿದರು, ಅದರದ್ದೂ ಹಾಗೆಯೇ. ಮತ್ತೊಂದು, ಮಗದೊಂದು. ಮೊದಲನೇ ಕ್ಲಾಸಿನ ಸಮವಸ್ತ್ರದಿಂದ ಹಿಡಿದು ಹೋದ ವರ್ಷದ್ದರವರೆಗೆ ಯಾವುದರ ಹೊಲಿಗೆಯೂ ಒಮ್ಮೆಯೂ ಬಿಚ್ಚಿದ್ದಲ್ಲ. ಹೊರಗಿನ ಸಡಿಲ ತುಂಬುವ ಮೊದಲೇ ಅವರು ಹೊಸದನ್ನು ಹೊಲಿದಿರುತ್ತಿದ್ದರು. ನೆಲದ ಮೇಲೆ ಬಣ್ಣಬಣ್ಣದ ಪಟ್ಟಿಗಳು ಗುಡ್ಡೆಯಾದವು, ಒಂದಾದರೂ ಬಿಸಿಲು ಕಂಡಿರಲಿಲ್ಲ.

ಮೇಷ್ಟ್ರು ಬೆಪ್ಪಾಗಿ ಅಳತೆ ಪುಸ್ತಕ ತೆಗೆದು ಮಗಳ ಪುಟ ನೋಡಿದರು. ಹೋದ ವರ್ಷ ಭುಜ ಹದಿನಾಲ್ಕೂವರೆ. ಅದರ ಹಿಂದಿನ ವರ್ಷ ಹದಿನಾಲ್ಕೂವರೆ. ಅದರ ಹಿಂದೆಯೂ ಅಷ್ಟೇ. ಎಲ್ಲವನ್ನೂ ಬರೆದದ್ದು ಅವರದೇ ಕೈ. ಗಿರಾಕಿಯ ಅಳತೆಯಲ್ಲಿ ನೂಲೆಳೆಯಷ್ಟು ವ್ಯತ್ಯಾಸವಾದರೂ ಹಿಡಿಯುವ ಕಣ್ಣು ಇದನ್ನು ಮೂರು ವರ್ಷ ನೋಡಿಯೂ ನೋಡಿರಲಿಲ್ಲ.

ಸ್ಟೂಲಿನ ಮೇಲೆ, ಕಂಪ್ಯೂಟರಿನ ಹಿಂದಿನಿಂದ ಮಗಳ ದನಿ ಬಂತು. "ಅಪ್ಪಾ, ನಾನು ಇನ್ನೂ ಎಷ್ಟು ಬೆಳೀಬೇಕು?"

ಬಾಯಲ್ಲಿ ಗುಂಡುಸೂಜಿಗಳಿದ್ದವು, ಅದು ಒಳ್ಳೆಯದೇ ಆಯಿತು. ಮೇಷ್ಟ್ರು ಅವನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಹೆಂಡತಿ ಸುಮ್ಮನೆ ನೋಡುತ್ತಿದ್ದರು, ಆ ಹೊತ್ತಿನಲ್ಲಿ ಆಕೆಯ ಬಾಯಲ್ಲಿ ದಾರವಿರಲಿಲ್ಲ. ಇನ್ನು ಏನಾದರೂ ಹೇಳಲೇಬೇಕಿತ್ತು.

"ಬೆಳೆದಾಯ್ತು ಬಿಡು," ಎಂದರು. "ಓರೆ ಅಳತೆನೂ ಅಲ್ಲ, ಒಳಗೆ ಜಾಗನೂ ಅಲ್ಲ ಕಣೇ. ನೀನು ಹೋದ್ರೆ ಈ ಮನೇಲಿ ನಂಗೆ ಹೊತ್ತು ಹೋಗಲ್ಲ. ಅಷ್ಟೇ ವಿಷಯ."

"ಗೊತ್ತಪ್ಪ," ಎಂದಳು ಮಗಳು. "ಮೊದಲು ಇದನ್ನ ಬಿಚ್ಚು, ಉಸಿರು ಕಟ್ತಿದೆ."

ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಹನ್ನೊಂದು ಕಾಜಗಳಲ್ಲಿ ವೈರು ಸಿಕ್ಕಿಹಾಕಿಕೊಂಡಿತ್ತು. ಅದಾದ ಮೇಲೆ ಮೇಷ್ಟ್ರು ಕೈ ತೊಳೆದುಕೊಂಡು ಬಂದು ಹಾಸ್ಟೆಲಿನ ಅರ್ಜಿಗೆ ಸಹಿ ಹಾಕಿದರು. ಸಂಜೆ ತಾವೇ ಡೆಸ್ಕ್‌ಟಾಪನ್ನು ಅಂಗಡಿಗೆ ಹೊತ್ತೊಯ್ದು ಕೊಟ್ಟು, ಹದಿಮೂರೂವರೆ ಇಂಚಿನ ಹದಿನೈದೂವರೆಯನ್ನು ಮನೆಗೆ ತಂದರು. ಕೋಟು ಏನಾಯಿತು ಎಂದರೆ, ಫ್ರಿಜ್ಜಿನವನು ಅಳತೆ ತೆಗೆದುಕೊಂಡು ಬಂದವನು ಅದನ್ನೇ ಕೊಡಿ, ಸಾಲದಿದ್ದರೆ ಬಿಚ್ಚಿಸುತ್ತೇನೆ ಎಂದು ಒಯ್ದ.

ಲ್ಯಾಪ್‌ಟಾಪಿಗೆ ಬ್ಯಾಗು ಕೊಡುತ್ತೇನೆಂದು ಅಂಗಡಿಯವನು ಹೇಳಿದರೂ ಮೇಷ್ಟ್ರು ಬೇಡವೆಂದು ಬಂದಿದ್ದರು. ಎರಡು ದಿನ ಯಾರನ್ನೂ ಹತ್ತಿರ ಬಿಡದೆ ತಾವೇ ಹೊಲಿದರು. ಅಳತೆ ನಾಲ್ಕು ಸಲ ತೆಗೆದರು, ಯಾವುದನ್ನೂ ಓರೆ ಹಿಡಿಯಲಿಲ್ಲ. ಕತ್ತರಿ ಹಾಕುವಾಗ ಅಭ್ಯಾಸಬಲದಿಂದ ಕೈ ಎರಡಿಂಚು ಆಚೆ ಹೋಗುತ್ತಿತ್ತು, ಅದನ್ನು ಬಯ್ದು ಬಯ್ದು ಈಚೆ ತಂದರು. ಒಳಗೆ ಒಂದು ದಾರದಷ್ಟೂ ಹೆಚ್ಚಿಗೆ ಬಿಡಲಿಲ್ಲ.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಮಗಳಿಗೆ ಅದನ್ನು ಕೊಟ್ಟರು. ಲ್ಯಾಪ್‌ಟಾಪ್ ಒಳಗೆ ಜಾರಿ ಅಳ್ಳಾಡದೆ ಕೂತಿತು. ಮಗಳು ಮುಚ್ಚಳ ಮುಚ್ಚಿ ಗುಂಡಿ ಹಾಕಿದಳು, ಹೆಗಲಿಗೇರಿಸಿ ನೋಡಿದಳು. ಆಗ ಅಮ್ಮ ಕೈಚೀಲದಿಂದ ಚಾರ್ಜರ್ ತೆಗೆದುಕೊಟ್ಟರು. ಇಟ್ಟಿಗೆಯಂಥ ಚಾರ್ಜರ್, ಗಜದುದ್ದದ ವೈರು. ಬ್ಯಾಗಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೀಗೆ ತಿರುಗಿಸಿ, ಹಾಗೆ ತುರುಕಿ ನೋಡಿದರೂ ಗುಂಡಿ ಕೂಡಲಿಲ್ಲ.

ಮೇಷ್ಟ್ರ ಮುಖ ಬಿಳಿಚಿಹೋಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ಒಳಗೆ ಏನೂ ಬಿಡದೆ ಹೊಲಿದ ವಸ್ತು, ಬಿಚ್ಚೋಣವೆಂದರೆ ಬಿಚ್ಚಲು ಏನಿದೆ. "ಕೊಡು ಇಲ್ಲಿ," ಎಂದು ಕೈ ಚಾಚಿದರು. "ಇವತ್ತು ಬೇಡ. ನಾಳೆ ಹೋಗು. ಬೇರೆ ಹೊಲಿದುಕೊಡ್ತೀನಿ."

ಮಗಳು ಬ್ಯಾಗನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡಳು. "ಬೇಡಪ್ಪ," ಎಂದಳು. "ಸರಿಯಾಗಿದೆ."

ಹದಿನೆಂಟು ವರ್ಷದಲ್ಲಿ ಅಪ್ಪನ ಹೊಲಿಗೆಗೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಚಾರ್ಜರಿನ ವೈರನ್ನು ಕೈಗೆ ಸುತ್ತಿಕೊಂಡು ಬಸ್ಸು ಹತ್ತಿದಳು. ಎರಡಿಂಚು ಮೇಷ್ಟ್ರು ಬಸ್ಸಿನ ಪಕ್ಕದಲ್ಲೇ, ನಾಲ್ಕು ಜನ ನೋಡುತ್ತಿರುವಂತೆಯೇ, ಜೋರಾಗಿ ಅತ್ತುಬಿಟ್ಟರು.