ಅಪ್ಪ ಆರಿಸಿದ ಬಣ್ಣ

ಬೆಳಗ್ಗೆಯಿಂದ ಮೂರು ಮದುವೆ ಮುಗಿಸಿದ್ದೆ. ಮದುವೆ ಅಂದರೆ ಮದುವೆಯ ಹಲ್ಲು. ಒಬ್ಬಳಿಗೆ ಬಿಳುಪು ಮಾಡುವ ಜೆಲ್ ಹಚ್ಚಿ ದೀಪದ ಕೆಳಗೆ ಕೂರಿಸಿದ್ದು, ಒಬ್ಬನಿಗೆ ಮುಂದಿನ ಎರಡು ಹಲ್ಲಿನ ನಡುವಿನ ಸಂದು ಮುಚ್ಚಿದ್ದು, ಇನ್ನೊಬ್ಬಳಿಗೆ ಹಲ್ಲಿನ ಮೇಲೆ ಉಗುರಿನಷ್ಟು ತೆಳ್ಳಗಿನ ವೆನೀರ್ ಹೊದಿಕೆ ಅಂಟಿಸಿದ್ದು. ಮೂವರಿಗೂ ಒಂದೇ ಆಸೆ, ಫೋಟೋದಲ್ಲಿ ಹಲ್ಲು ಮೊದಲು ಕಾಣಬೇಕು, ಮುಖ ಆಮೇಲೆ ಕಂಡರೂ ನಡೆಯುತ್ತದೆ. ಮೊದಮೊದಲು ನಾನು ವಾದಕ್ಕೆ ನಿಲ್ಲುತ್ತಿದ್ದೆ. ಹಲ್ಲು ಕಣ್ಣಿನ ಬಿಳಿಗಿಂತ ಬಿಳಿಯಾದರೆ ಮುಖ ಗೊಂಬೆಯದಾಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದೆ. ಈಗ ಹೂಂಗುಟ್ಟಿ ಕೆಲಸ ಮುಗಿಸುತ್ತೇನೆ. ಸೊಂಟ ಹಿಡಿದುಕೊಂಡಿರುತ್ತದೆ, ವಾದಕ್ಕೆ ಉಸಿರು ಎಲ್ಲಿಂದ ತರಲಿ.

ನಮ್ಮ ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿ, ನಡುವೆ ಒಂದು ಮಸುಕು ಗಾಜು. ಗಾಜಿನ ಈಚೆ ನಾನು, ಆಚೆ ಅಪ್ಪ. ಅಪ್ಪನ ಕುರ್ಚಿ ಕಿಟಕಿಗೆ ಮುಖಮಾಡಿದೆ, ಏಕೆಂದರೆ ಹಲ್ಲಿನ ಬಣ್ಣವನ್ನು ಹಗಲಿನ ಬೆಳಕಲ್ಲೇ ನೋಡಬೇಕು ಎನ್ನುವುದು ಅವರ ಹಟ. ಕಟ್ಟಿದ್ದೆಂದು ಯಾರಿಗೂ ಗೊತ್ತಾಗದಂತೆ ಹಲ್ಲು ಕೂರಿಸುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಬಂದವರ ತುಟಿಯ ಬಣ್ಣ ಒರೆಸಿಸಿ, ಕೆಂಪು ಹಸಿರು ಬಟ್ಟೆ ಕಾಣದಂತೆ ಎದೆಯ ಮೇಲೆ ಬೂದುಬಣ್ಣದ ಬಟ್ಟೆ ಹೊದಿಸಿ, ಬಾಯಿ ಒಣಗುವ ಮುಂಚೆಯೇ ನೋಡಿಬಿಡುತ್ತಿದ್ದರು. ಒಣಗಿದ ಹಲ್ಲು ಬೆಳ್ಳಗೆ ಕಂಡು ಮೋಸ ಮಾಡುತ್ತದೆ. ಕಣ್ಣು ದಣಿದರೆ ಗೋಡೆಗೆ ಅಂಟಿಸಿದ ನೀಲಿ ಕಾಗದವನ್ನು ಒಂದು ಗಳಿಗೆ ನೋಡಿ ಮತ್ತೆ ಬಾಯಿಗೆ ಬಗ್ಗುತ್ತಿದ್ದರು. ಕೈಯಲ್ಲಿ ಶೇಡ್ ಪಟ್ಟಿ, ಅಂದರೆ ಬೇರೆಬೇರೆ ಬಣ್ಣದ ಮಾದರಿ ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ. ಒಂದು ಅಂದರೆ ಬಿಳಿ, ನಂಬರು ಏರಿದಂತೆ ಹಳದಿ. ಅವರು ನಂಬರು ಹೇಳಿದರೆ ಮುಗಿಯಿತು, ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಆ ಕಣ್ಣಿಗೆ ಪೊರೆ ಬಂದಿತ್ತು. ಹೋದ ವರ್ಷ ಒಬ್ಬ ಮೇಷ್ಟರಿಗೆ ಅವರು ಹೇಳಿದ ನಂಬರಿನ ಹಲ್ಲು ಕೂರಿಸಿದಾಗ ಅದು ಬಾಯಲ್ಲಿ ಒಣಗಿದ ಬೀಜದ ಹಾಗೆ ಹಳದಿಯಾಗಿ ಕಂಡಿತು. ಆವತ್ತೇ ನಾನು, "ಅಪ್ಪ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ" ಅಂದೆ. "ನನ್ನ ಕಣ್ಣಿಗೆ ಏನಾಗಿದೆ? ಅದು ಹೋದ ದಿನ ನಾನೇ ಕುರ್ಚಿ ಬಿಟ್ಟು ಏಳ್ತೀನಿ, ನೀನು ಎಬ್ಬಿಸೋದು ಬೇಡ" ಎಂದು ಮುಖ ದಪ್ಪ ಮಾಡಿಕೊಂಡರು. ವಾರವಿಡೀ ಮಾತಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ. ಅಮ್ಮ ಹೋದ ಮೇಲೆ ಅವರಿಗೆ ಉಳಿದಿದ್ದು ಆ ಕಿಟಕಿ ಮತ್ತು ಕುರ್ಚಿ ಮಾತ್ರ. ನಾನು ಮತ್ತೆ ಬಾಯಿ ಬಿಡಲಿಲ್ಲ.

ಬದಲಿಗೆ ಒಂದು ಸುಲಭದ ದಾರಿ ಹಿಡಿದೆ. ನಮ್ಮ ಹಲ್ಲುಗಳನ್ನೆಲ್ಲ ಮಾಡಿಕೊಡುವವರು ಒಬ್ಬರೇ, ಹಿಂದಿನ ಬೀದಿಯಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡಿರುವ ಅಪ್ಪನ ಗೆಳೆಯರು. ಹಲ್ಲನ್ನು ಒಲೆಯಲ್ಲಿ ಬೇಯಿಸುವವರು ಎಂದು ಅಪ್ಪ ಅವರಿಗೆ ಒಲೆರಾಯ ಎಂದು ಹೆಸರಿಟ್ಟಿದ್ದರು. ನನಗೆ ಅವರು ಮಾಮ. ಅಪ್ಪ ಬಣ್ಣ ನೋಡಿ ನಂಬರು ಬರೆದು ಕಳಿಸಿದ ಮೇಲೆ, ನಾನು ಕೈತೊಳೆಯುವ ನೆಪದಲ್ಲಿ ಒಳಗೆ ಹೋಗಿ ಫೋನ್ ಮಾಡುತ್ತಿದ್ದೆ. "ಮಾಮ, ಮೂರು ಅಂತ ಇದೆ, ಒಂದೂವರೆ ಮಾಡಿ."

ಮಾಮ ಮೊದಲ ಸಲ ಕೇಳಿದ್ದರು, "ಡಾಕ್ಟ್ರಿಗೆ ಹೇಳಿದೀಯಾ?"

"ಹೇಳ್ತೀನಿ ಮಾಮ, ಸ್ವಲ್ಪ ದಿನ."

ಆಮೇಲೆ ಅವರು ಕೇಳಲಿಲ್ಲ. ಹಲ್ಲು ಸರಿಯಾಗಿ ಬರುತ್ತಿದ್ದವು, ಬಂದವರು ಕನ್ನಡಿ ನೋಡಿ ಖುಷಿಯಾಗಿ ಹೋಗುತ್ತಿದ್ದರು. ನಾನೂ ನೆಮ್ಮದಿಯಾಗಿದ್ದೆ. ಒಂದೇ ಒಂದು ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಲ್ಯಾಬಿನಿಂದ ಹಲ್ಲು ಬಂದ ಕೂಡಲೇ ಅಪ್ಪ ಅದನ್ನು ತಾವು ಆರಿಸಿದ ಮಾದರಿಯ ಪಕ್ಕ ಹಿಡಿದು ನೋಡುತ್ತಾರೆ. ಅದು ಅವರ ಹಳೇ ಅಭ್ಯಾಸ. ಬಾಯಿಯ ನೆರಳಿನಲ್ಲಿ ತಪ್ಪುವ ಪೊರೆಗಣ್ಣಿಗೂ, ಕಿಟಕಿಯ ಬೆಳಕಿಗೆ ಎತ್ತಿ ಹಳದಿಹಲ್ಲಿನ ಪಕ್ಕ ಬಿಳಿಹಲ್ಲು ಹಿಡಿದರೆ ಬೇರೆ ಎಂದು ತಿಳಿಯುತ್ತದಲ್ಲ.

"ನಾನು ಮೂರು ಹೇಳಿದ್ರೆ ಇವನು ಯಾವ ಲೋಕದಲ್ಲಿದ್ದು ಕೇಳಿಸ್ಕೊಂಡ?" ಎಂದು ಶುರುವಾಯಿತು. ಮೊದಲು ನಗುತ್ತಾ ಬೈದರು. ಬರಬರುತ್ತಾ ನಗು ಹೋಗಿ ಬೈಗುಳ ಮಾತ್ರ ಉಳಿಯಿತು. "ಒಲೆರಾಯನಿಗೆ ಅರಳುಮರಳು, ಹೇಳಿದ್ದು ಒಂದು ಮಾಡೋದು ಒಂದು" ಎಂದು ಬಂದವರೆದುರಿಗೇ ಅನ್ನತೊಡಗಿದರು. ಫೋನಿನಲ್ಲಿ ಬೈಯುವಾಗ ನಾನು ಗಾಜಿನ ಈಚೆ ಯಾರದೋ ಬಾಯೊಳಗೆ ಬಗ್ಗಿ, ಕೇಳಿಸದವಳಂತೆ ಇರುತ್ತಿದ್ದೆ. ಮಾಮ ಒಂದು ದಿನವೂ ಉಸಿರೆತ್ತಲಿಲ್ಲ. ಹಲ್ಲು ಬರುವ ದಿನ ಡಬ್ಬಿಯನ್ನು ನಾನೇ ಮೊದಲು ಇಸಿದುಕೊಂಡು, ಅಪ್ಪ ನೋಡುವ ಮೊದಲೇ ಕೂರಿಸಿಬಿಡುವ ಉಪಾಯವನ್ನೂ ಮಾಡಿದೆ. ಎಲ್ಲ ದಿನವೂ ಅದು ನಡೆಯುತ್ತದೆಯೇ? ನನಗೂ ನನ್ನ ಕುರ್ಚಿಯಲ್ಲಿ ಜನ ಇರುತ್ತಾರೆ. ದಿನದ ಕೊನೆಗೆ ಅಪ್ಪನ ಎದುರು ಕೂತು ಈ ಮಾತೆತ್ತಲು ಬೇಕಾದ ತ್ರಾಣ ನನ್ನಲ್ಲಿ ಇರುತ್ತಿರಲಿಲ್ಲ. ನಾಳೆ ಹೇಳೋಣ ಅಂದುಕೊಂಡು ಮಲಗುತ್ತಿದ್ದೆ.

ಆವತ್ತು ಮಧ್ಯಾಹ್ನ ಬಂದಿದ್ದು ಅತ್ತೆ, ಅಪ್ಪನ ಅಕ್ಕ. ಮುಂದಿನ ಹಲ್ಲೊಂದು ಮುರಿದಿತ್ತು, ಬುಡ ಗಟ್ಟಿಯಿದ್ದಿದ್ದರಿಂದ ಮೇಲೆ ಕ್ಯಾಪ್ ಹಾಕಿದರೆ ಸಾಕಿತ್ತು. ಹಿಂದಿನ ವಾರ ಅಳತೆ ತೆಗೆದಾಗ ಅಪ್ಪ ಕಿಟಕಿಯ ಬಳಿ ಎಷ್ಟೋ ಹೊತ್ತು ನೋಡಿ ಮೂರೂವರೆ ಅಂದಿದ್ದರು. ಅತ್ತೆಯದು ಈ ವಯಸ್ಸಿಗೂ ಎರಡು. ನಾನು ಎಂದಿನಂತೆ ಒಳಗೆ ಹೋಗಿ ಫೋನ್ ಮಾಡಿದ್ದೆ. ಮಾಮ "ಸರಿ" ಎಂದಷ್ಟೇ ಹೇಳಿ ಇಟ್ಟಿದ್ದರು.

"ಏ ತಮ್ಮ, ಬೇಗ ಹಾಕೋ. ಒಂದು ವಾರದಿಂದ ಗಾಳಿ ಊದ್ಕೊಂಡು ಮಾತಾಡ್ತಿದೀನಿ. ನನ್ನ ಸೊಸೆಗೆ ಮಾತ್ರ ಹಬ್ಬ, ಬೈದ್ರೂ ಅವಳಿಗೆ ಅರ್ಥ ಆಗಲ್ಲ" ಎನ್ನುತ್ತಾ ಅತ್ತೆ ಕುರ್ಚಿಯೇರಿದರು.

ನನ್ನ ಕುರ್ಚಿಯಲ್ಲಿದ್ದ ಹುಡುಗಿಯನ್ನು ಎಬ್ಬಿಸಿ ನಾನು ಬರುವಷ್ಟರಲ್ಲಿ ಅಪ್ಪ ಡಬ್ಬಿ ತೆರೆದಿದ್ದರು. ಕ್ಯಾಪನ್ನು ಮೂರೂವರೆಯ ಪಕ್ಕ ಹಿಡಿದು ಕಿಟಕಿಯತ್ತ ಎತ್ತಿದ್ದರು. ಕುತ್ತಿಗೆಯ ನರ ಉಬ್ಬಿತ್ತು.

"ಒಂದ್ಸಲ ಬಾಯಲ್ಲಿಟ್ಟು ನೋಡೋಣ ಅಪ್ಪ" ಅಂದೆ.

ಅಂಟು ಹಚ್ಚದೆ ಸುಮ್ಮನೆ ಕೂರಿಸಿ ಅತ್ತೆಯ ಕೈಗೆ ಕನ್ನಡಿ ಕೊಟ್ಟೆ. ಅವರು ತುಟಿ ಎತ್ತಿ, ಇಳಿಸಿ, ಒಂದು ಸಲ ಕನ್ನಡಿಗೇ ಹಲ್ಲು ಕಿರಿದರು. "ಅಯ್ಯೋ, ಯಾವುದು ನಂದು, ಯಾವುದು ನಿಮ್ದು? ನಂಗೇ ಗೊತ್ತಾಗ್ತಿಲ್ವಲ್ಲ" ಅಂದರು. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಪಕ್ಕದ ಹಲ್ಲಿನ ತುದಿಯಲ್ಲಿದ್ದ ಸಣ್ಣ ಸವೆತವನ್ನೂ ಮಾಮ ಇದರಲ್ಲಿ ತಂದಿದ್ದರು.

"ನಿನಗೇನು ಗೊತ್ತಾಗುತ್ತೆ ಅಕ್ಕ, ಸುಣ್ಣ ಬಳಿದ ಹಾಗಿದೆ" ಎನ್ನುತ್ತಾ ಅಪ್ಪ ಅದನ್ನು ತೆಗೆದು ತಟ್ಟೆಗೆ ಹಾಕಿದರು. ಫೋನ್ ಎತ್ತಿದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು, ಆ ಕಡೆ ಫೋನ್ ತೆಗೆಯಲು ಮಾಮ ತಡಮಾಡಿದರು. ನಾನು ತಟ್ಟೆಯಲ್ಲಿದ್ದ ಹಲ್ಲನ್ನು ನೋಡುತ್ತಾ ನಿಂತೆ.

"ಮೂರೂವರೆ ಅಂದಿದ್ದೆ ನಾನು. ನಮ್ಮ ಅಕ್ಕನ ಹಲ್ಲು ಅಂತ ಬೇರೆ ಹೇಳಿದ್ದೆ. ನಿನ್ನ ಕೈ ಹೋಯ್ತು ಕಣಯ್ಯ. ಮರ್ಯಾದೆಯಿಂದ ಒಲೆ ಆರಿಸಿ ಮನೇಲಿ ಕೂತ್ಕೋ. ನಾಳೆಯಿಂದ ನಮ್ಮಲ್ಲಿಂದ ಕೆಲಸ ಬರಲ್ಲ" ಎಂದು ಅಪ್ಪ ಫೋನ್ ಇಟ್ಟರು.

ಲ್ಯಾಬಿಗೆ ಬರುವ ಕೆಲಸವೆಲ್ಲ ನಮ್ಮದೇ. ಉಳಿದ ಡಾಕ್ಟರುಗಳು ಕಂಪ್ಯೂಟರಿನಲ್ಲಿ ಹಲ್ಲು ಕೊರೆಯುವ ದೊಡ್ಡ ಲ್ಯಾಬುಗಳಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ನಾವು ನಿಲ್ಲಿಸಿದರೆ ಮಾಮ ಬೆಳಗ್ಗೆ ಎದ್ದು ಮಾಡುವುದಕ್ಕೆ ಏನೂ ಇರುವುದಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದರು.

"ಅಪ್ಪ, ಮೂರೂವರೆ ಮಾಡ್ಬೇಡಿ ಅಂತ ಹೇಳಿದ್ದು ನಾನು" ಅಂದೆ.

"ಏನು?"

"ಎರಡು ಮಾಡಿ ಅಂತ ನಾನು ಫೋನ್ ಮಾಡಿದ್ದೆ. ಇದೊಂದೇ ಅಲ್ಲ. ಆ ಮೇಷ್ಟರ ಹಲ್ಲು ಆದಾಗಿನಿಂದ ಎಲ್ಲದಕ್ಕೂ ನಾನೇ ಫೋನ್ ಮಾಡ್ತಿದ್ದೆ. ನಿಮಗೆ ಬಣ್ಣ ಕಾಣ್ತಿಲ್ಲ ಅಪ್ಪ."

ಹೇಳಿಬಿಟ್ಟೆ. ಹೀಗೆ, ಅತ್ತೆಯ ಎದುರಿಗೆ, ಕೈಗವಸು ಕೂಡ ಬಿಚ್ಚದೆ ಹೇಳಬೇಕು ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಅತ್ತೆ ಕನ್ನಡಿಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದರು. ಅಪ್ಪ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅವನಿಗೆ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ತು."

"ಗೊತ್ತಿದ್ದೂ ಬೈಸ್ಕೊಂಡ್ನಾ?"

ನಾನು ತಲೆಯಾಡಿಸಿದೆ. ಅಪ್ಪ ಮುಖದ ಮಾಸ್ಕ್ ಬಿಚ್ಚಿ ಕಸದ ಬುಟ್ಟಿಗೆ ಹಾಕಿದರು. ಶೇಡ್ ಪಟ್ಟಿಯನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದರು. "ಅಕ್ಕನಿಗೆ ಅದನ್ನೇ ಹಾಕು" ಎಂದು ಹೇಳಿ ಹೊರಗೆ ಹೋದರು. ನಾನು ಹಾಕಿದೆ. ಹೋಗುವಾಗ ಅತ್ತೆ ನನ್ನ ಬೆನ್ನು ಸವರಿ, "ನೀನು ಸ್ವಲ್ಪ ನಿದ್ದೆ ಮಾಡೇ" ಅಂದರು.

ಮರುದಿನ ಅಪ್ಪ ತಾವಾಗಿಯೇ ಕಣ್ಣಿನ ಆಸ್ಪತ್ರೆಗೆ ಹೊರಟರು. ಒಂದು ಕಣ್ಣಿನ ಪೊರೆ ತೆಗೆಸಿ, ಕೆಲವು ವಾರ ಬಿಟ್ಟು ಇನ್ನೊಂದನ್ನೂ ತೆಗೆಸಿದರು. ಅಲ್ಲಿಯವರೆಗೆ ಹಲ್ಲು ಕೂರಿಸುವ ಕೆಲಸವನ್ನೆಲ್ಲ ನಿಲ್ಲಿಸಿದ್ದೆವು. ಬೇರೆ ಲ್ಯಾಬಿಗೆ ಕೊಡೋಣವೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಮಾಮನಿಗೆ ಫೋನ್ ಮಾಡಿದರೆ ಅವರು ತೆಗೆಯುತ್ತಿರಲಿಲ್ಲ. ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಪ್ಪ ಆಸ್ಪತ್ರೆಯ ಗೋಡೆ ನೋಡಿ, "ಇದು ಬಿಳಿ. ಮೊದಲ ಸಲ ಬಂದಾಗ ಹಳದಿ ಬಳಿದಿದಾರೆ ಅಂದ್ಕೊಂಡಿದ್ದೆ" ಅಂದರು.

ನಾನು ಕಾರನ್ನು ಮನೆಯ ತಿರುವಿಗೆ ತಂದಾಗ, "ಲ್ಯಾಬಿಗೆ ಹೋಗು" ಅಂದರು.

ಬಾಗಿಲು ತೆರೆದಿತ್ತು. ಮಾಮ ಮೇಜಿನ ಮುಂದೆ ಕೂತು ಹಲ್ಲಿನ ಹಳೇ ಅಚ್ಚುಗಳ ಪ್ಲಾಸ್ಟರ್ ಪುಡಿ ಕೊಡವಿ ಪೆಟ್ಟಿಗೆಗೆ ತುಂಬುತ್ತಿದ್ದರು. ಕುಂಚಗಳೆಲ್ಲ ತೊಳೆದು ಒಣಗಿದ್ದವು, ಒಲೆ ತಣ್ಣಗಿತ್ತು. ನಮ್ಮನ್ನು ನೋಡಿ ಎದ್ದು ಒಂದು ಸ್ಟೂಲು ಸರಿಸಿದರು. ಅಪ್ಪ ಕೂರಲಿಲ್ಲ. ಮೇಜಿನ ಮೇಲಿದ್ದ ಬಿಡಿ ಹಲ್ಲೊಂದನ್ನು ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು.

"ಎರಡು" ಅಂದರು.

"ಹೂಂ. ಎರಡೇ" ಅಂದರು ಮಾಮ.

ಅಪ್ಪ ಇನ್ನೊಂದನ್ನು ಎತ್ತಿ, "ಇದು ಒಂದೂವರೆ" ಅಂದರು.

"ಹೌದು."

ಅಪ್ಪ ಹಲ್ಲನ್ನು ಕೆಳಗಿಟ್ಟರು. "ಜನರ ಮುಂದೆಲ್ಲ ಬೈದೆ ಕಣೋ ನಿನ್ನ" ಅಂದರು.

"ನಿಮಗೆ ಕಾಣ್ತಿರಲಿಲ್ಲ, ಬೈದ್ರಿ. ನಾನಾಗಿದ್ರೆ ಇನ್ನೂ ಬೈತಿದ್ದೆ. ಬಿಡಿ ಡಾಕ್ಟ್ರೇ" ಎಂದು ಮಾಮ ಅವರ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು.

ನನಗೆ ಅಳು ಬಂತು. ಎಲ್ಲ ಸರಿಹೋಯಿತು ಎಂಬ ಸಮಾಧಾನದ ಅಳು. "ಮಾಮ, ನಾಳೆಯಿಂದ ಮತ್ತೆ ಕೆಲಸ ಕಳಿಸ್ತೀನಿ" ಅಂದೆ.

ಮಾಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.

"ಪುಟ್ಟಿ, ನೀನು ಫೋನ್ ಮಾಡಿದಾಗೆಲ್ಲ ನಾನು ಕಾಯ್ತಿದ್ದೆ. ಅಪ್ಪಂಗೆ ಹೇಳಿದೀನಿ ಮಾಮ, ಇನ್ಮೇಲೆ ಹೀಗೆ ಮಾಡೋದು ಬೇಡ ಅಂತ ಇವತ್ತು ಹೇಳ್ತಾಳೆ ಅಂತ. ನೀನು ನಂಬರ್ ಹೇಳಿ ಇಟ್ಬಿಡ್ತಿದ್ದೆ."

"ಸುಸ್ತಾಗಿರ್ತಿತ್ತು ಮಾಮ."

"ಗೊತ್ತು. ನನಗೂ ಆಗ್ತಿತ್ತು."

ಅಪ್ಪ ನೆಲ ನೋಡುತ್ತಾ ಕೂತಿದ್ದರು. ಮಾಮ ಪೆಟ್ಟಿಗೆಯೊಳಗಿಂದ ಅಚ್ಚುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಮೇಜಿನ ಮೇಲೆ ಜೋಡಿಸತೊಡಗಿದರು.

"ಕೆಲಸ ಕಳಿಸಿ, ಮಾಡ್ತೀನಿ" ಅಂದರು. "ಆದ್ರೆ ನಂಬರ್ ಅವರೇ ಹೇಳ್ಲಿ. ನೀನು ಇನ್ಮೇಲೆ ನನಗೆ ಫೋನ್ ಮಾಡ್ಬೇಡ."

ಆಗಲಿ ಅಂದೆ. ಮಾಮ ಒಲೆಯ ಸ್ವಿಚ್ ಹಾಕಿದರು, ಅದು ಕಾಯಲು ಹೊತ್ತು ಹಿಡಿಯುತ್ತದೆ. ಅಪ್ಪ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ನಾನು ಹೊರಗೆ ಬಂದು ಕಾರಿನಲ್ಲಿ ಕಾದೆ.